ಹಗ್ಗದ ಈ ತುದಿ

ನನ್ನ ಬಲಗೈಯ ಬೆರಳುಗಳು ಇವತ್ತಿಗೂ ಪೂರ್ತಿ ಬಿಚ್ಚುವುದಿಲ್ಲ. ಮುದ್ದೆ ಮುರಿಯುವುದಕ್ಕೆ ಅಡ್ಡಿಯಿಲ್ಲ, ಅನ್ನ ಕಲಸುವುದಕ್ಕೆ ಹೋದರೆ ಅರ್ಧ ಎಲೆಯಿಂದಾಚೆ ಬೀಳುತ್ತದೆ. ನೋಡಿದವರು ವಾಯು ಅನ್ನುತ್ತಾರೆ, ಹರಳೆಣ್ಣೆ ಹಚ್ಚು ಸಿದ್ದಮ್ಮ ಅನ್ನುತ್ತಾರೆ. ಹಚ್ಚಿದ್ದೂ ಆಯಿತು, ಎಣ್ಣೆ ಖಾಲಿಯಾಗಿದ್ದೂ ಆಯಿತು. ಇದು ವಾಯುವಲ್ಲ ಅಂತ ಯಾರಿಗೆ ಬಿಡಿಸಿ ಹೇಳಲಿ? ಹೇಳಬೇಕಾದರೆ ಹಗ್ಗದಿಂದ ಶುರು ಮಾಡಬೇಕು. ಹಗ್ಗದ ಮಾತೆತ್ತಿದರೆ ನನ್ನ ತಂಗಿ ಬೋರಿ ಬರುತ್ತಾಳೆ, ಬೋರಿ ಬಂದಳೆಂದರೆ ನಮ್ಮವ್ವನ ಸಾವೂ ಬರುತ್ತದೆ. ಇರಲಿ, ಕೂತುಕೊಳ್ಳಿ, ಹೇಳಿಯೇ ಬಿಡುತ್ತೇನೆ.

ನಮ್ಮೂರಿನ ಪಡುವಣಕ್ಕೆ ಮಬ್ಬಿನ ಬಯಲು. ಅದರೊಳಗೆ ಹೆಜ್ಜೆಯಿಟ್ಟರೆ ಚಾಚಿದ ಕೈ ಕಣ್ಣಿಗೆ ಕಾಣುವುದಿಲ್ಲ, ಬಂದ ದಾರಿ ತಿಳಿಯುವುದಿಲ್ಲ. ಆ ಮಬ್ಬಿನಿಂದ ಒಂದು ಹಗ್ಗ ಹೊರಟು ಬಂದು ನಮ್ಮೂರ ಕಟ್ಟೆಯ ಮೇಲೆ ಮುಗಿಯುತ್ತದೆ. ಅದರ ತುದಿಯನ್ನು ಯಾರಾದರೊಬ್ಬರು ಹಿಡಿದುಕೊಂಡಿರಬೇಕು. ಹಿಂದೆ ಯಾವಾಗಲೋ ಅಳತೆಯ ಸಾಹೇಬನೊಬ್ಬ ಬಂದು, ಎದುರಿಗೆ ಸಿಕ್ಕ ನಮ್ಮ ಮುತ್ತಜ್ಜನ ಕೈಗೆ ತುದಿ ಕೊಟ್ಟು, "ಹೋಲ್ಡ್" ಅಂದನಂತೆ. ಉಳಿದ ಹಗ್ಗ ಬಿಚ್ಚಿಕೊಳ್ಳುತ್ತಾ ಮಬ್ಬಿನೊಳಗೆ ನಡೆದನಂತೆ. ಅವನು ನಮ್ಮೂರಲ್ಲಿ ಆಡಿದ್ದು ಅದೊಂದೇ ಮಾತು. ಮುತ್ತಜ್ಜ ಹಿಡಿದುಕೊಂಡ. ಹೊತ್ತು ಇಳಿಯಿತು, ಕೈ ಸೋತಿತು, ಹೆಂಡತಿಗೆ ಕೊಟ್ಟ. ಅವಳು ಪಕ್ಕದ ಮನೆಯವರಿಗೆ ಕೊಟ್ಟಳು. ಹಾಗೆ ಕೈಯಿಂದ ಕೈಗೆ ಬಂದು, ದಿನಕ್ಕೆ ಆರು ಪಾಳಿಯಾಗಿ, ಮನೆಗಿಷ್ಟು ಅಂತ ಹಂಚಿಕೆಯಾಗಿ, ಮೇಲೊಂದು ಹೋಲ್ಡು ಕಮಿಟಿಯೂ ಆಯಿತು.

ಕಟ್ಟಳೆಗಳು ಹೆಚ್ಚಿಲ್ಲ. ಹಿಡಿದವರು ತಾವಾಗಿ ಇನ್ನೊಬ್ಬರ ಕೈಗೆ ಕೊಡುವವರೆಗೂ ಪಾಳಿ ಮುಗಿಯುವುದಿಲ್ಲ. ಇನ್ನೊಬ್ಬರ ಕೈಯಿಂದ ಕಿತ್ತುಕೊಳ್ಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಹಗ್ಗವನ್ನು ಎಳೆಯುವಂತಿಲ್ಲ. ಸಾಹೇಬ ಹೋಲ್ಡ್ ಅಂದದ್ದು, ಎಳಿ ಅನ್ನಲಿಲ್ಲವಲ್ಲ.

ಆ ಒಂದು ಮಾತು ನಮ್ಮೂರಲ್ಲಿ ಬೇರು ಬಿಟ್ಟುಬಿಟ್ಟಿತ್ತು. ಸಂತೆಯಲ್ಲಿ ಬುಟ್ಟಿ ಇಟ್ಟು ಹೋಗುವವಳು ಪಕ್ಕದವಳಿಗೆ "ಹೋಲ್ಡ್ ಮಾಡಿರೇ" ಅನ್ನುತ್ತಿದ್ದಳು. ಬಾಯಿಬಡುಕರಿಗೆ "ನಾಲ್ಗೆ ಹೋಲ್ಡ್ ಮಾಡು", ಅಳುವ ಮಗುವಿಗೆ "ಹೋಲ್ಡಪ್ಪ, ಹೋಲ್ಡು". ಕುಂಬಾರರ ಅಂಗಡಿಯಲ್ಲಿ ಕೊಡವನ್ನು ಬೆರಳಲ್ಲಿ ತಟ್ಟಿ "ಎಷ್ಟು ಹೋಲ್ಡ್ ಮಾಡುತ್ತೆ?" ಅಂತ ಕೇಳುವುದು. ಮಾತು ಬಿಟ್ಟ ಅಣ್ಣತಮ್ಮಂದಿರ ವಿಷಯ ಬಂದರೆ, "ಇನ್ನೂ ಹೋಲ್ಡಲ್ಲೇ ಅವ್ರೆ." ಧಾರೆಯ ಹೊತ್ತಿಗೆ ಗಂಡನ್ನು ಕೇಳುತ್ತಿದ್ದದ್ದೂ ಅದೇ, ಹೋಲ್ಡ್ ಮಾಡ್ತೀಯಾ ಅಂತ. ಎಲ್ಲರೂ ಬಳಸುತ್ತಿದ್ದೆವು, ಎಲ್ಲರಿಗೂ ಅರ್ಥವಾಗುತ್ತಿತ್ತು. ಏನು ಅರ್ಥವಾಗುತ್ತಿತ್ತು ಅಂತ ಮಾತ್ರ ಯಾರೂ ಕೇಳಿರಲಿಲ್ಲ.

ನಮ್ಮದು ಹುರಿ ಹೊಸೆಯುವ ಮನೆ. ಅಷ್ಟು ಜನರ ಕೈ ಬೆವರಿಗೆ ಹಗ್ಗದ ತುದಿ ಸವೆಯುತ್ತಿತ್ತು, ವರ್ಷಕ್ಕೊಮ್ಮೆ ಹೊಸ ನಾರು ಸೇರಿಸಿ ಹೆಣೆಯುವುದು ನಮ್ಮ ಪಾಲಿನ ಕೆಲಸ. ಚಿಕ್ಕಂದಿನಿಂದ ನಾನೂ ಬೋರಿಯೂ ಹಿತ್ತಿಲಲ್ಲಿ ಆ ತುದಿಗೊಬ್ಬಳು ಈ ತುದಿಗೊಬ್ಬಳು ನಿಂತು ಹೊಸೆದವರು. ನಡುವೆ ಹುಣಸೆ ಮರ, ಸೌದೆ ರಾಶಿ, ಒಬ್ಬರ ಮುಖ ಒಬ್ಬರಿಗೆ ಕಾಣದು. ಎಳೆ ಮುಗಿದರೆ ಅವಳು ಒಂದು ಸಲ ಜಗ್ಗುತ್ತಿದ್ದಳು. ನಾನು ಇದ್ದೇನೆ, ಹಿಡಿದಿದ್ದೇನೆ ಅಂತ ತಿರುಗಿ ಒಂದು ಜಗ್ಗಬೇಕು. ಆಮೇಲೆ ಅವಳು ತನ್ನ ತುದಿ ಬಿಡುವುದು, ನಾನು ಸುತ್ತಿಕೊಳ್ಳುವುದು. ಜವಾಬು ಬಾರದೆ ಬಿಟ್ಟರೆ ಹೊಸೆದದ್ದೆಲ್ಲ ಬಿಚ್ಚಿಕೊಂಡು ದಿನದ ಕೆಲಸ ಹಾಳು, ಮೇಲೆ ಅವ್ವನ ಕೈಯಲ್ಲಿ ಏಟು.

ಅವ್ವನಿಗೆ ಕೊನೆಗಾಲ ಬಂದದ್ದು ಮಟಮಟ ಮಧ್ಯಾಹ್ನ. ಬೋರಿ ಕಟ್ಟೆಯ ಮೇಲೆ ಪಾಳಿಯಲ್ಲಿದ್ದಳು, ನಮ್ಮ ಮನೆಯಿಂದ ನೂರು ಹೆಜ್ಜೆ. ಮುಂದಿನ ಪಾಳಿಯವನು ಯಾವುದೋ ಬೀಗರೂಟಕ್ಕೆ ಹೋದವನು ಬರಲೇ ಇಲ್ಲ. ಅವ್ವ "ಬೋರಿ, ಬೋರಿ" ಅಂತ ಕರೆದದ್ದು ಅವಳಿಗೆ ಅಲ್ಲಿಗೇ ಕೇಳುತ್ತಿತ್ತಂತೆ. ಅವಳು ಕೂಗಿಕೊಂಡಳು, "ಯಾರಾದ್ರೂ ಹಿಡ್ಕೊಳ್ರೋ" ಅಂತ. ಬಿಸಿಲಿಗೆ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನಾನು ಓಡಿಹೋಗಿ ಹಗ್ಗ ಈಸಿಕೊಳ್ಳಬಹುದಿತ್ತು, ಆದರೆ ಅವ್ವ ನನ್ನ ಕೈ ಹಿಡಿದಿದ್ದಳು. ಬಿಡಿಸಿಕೊಳ್ಳಲಿಕ್ಕೆ ನನಗೆ ಮನಸ್ಸು ಬರಲಿಲ್ಲ. ನಾನು ಅವ್ವನ ಕೈ ಹಿಡಿದುಕೊಂಡೆ, ಬೋರಿ ಹಗ್ಗ ಹಿಡಿದುಕೊಂಡಳು, ಅವ್ವ ಹೋಗಿಬಿಟ್ಟಳು.

ಬೋರಿ ಅಳಲಿಲ್ಲ. ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕಟ್ಟೆಗೆ ಬಂದಳು. ಪಾಳಿಯಲ್ಲಿ ನಾನಿದ್ದೆ.

"ಅಕ್ಕ, ನಾನು ಆ ತುದಿಗಂಟ ಹೋಗಿ ಕೇಳ್ಕೊಂಡು ಬರ್ತೀನಿ" ಅಂದಳು.

"ಏನಂತ?"

"ನಿಜವಾಗ್ಲೂ ಇದನ್ನೇನಾ ಮಾಡಕ್ಕೆ ಹೇಳಿದ್ದು ಅಂತ. ಬಿಡ್ಬೋದಾ ಅಂತ."

"ಹುಚ್ಚು ಮುಂಡೇದೇ, ಆ ಮಬ್ಬಲ್ಲಿ ಹೋದೋಳು ವಾಪಸ್ ಹೆಂಗೆ ಬರ್ತೀಯೇ?"

"ಹಗ್ಗ ಐತಲ್ಲ, ತಡವಿಕೊಂಡು ಹೋಗೋದು, ತಡವಿಕೊಂಡು ಬರೋದು. ನೀನು ಹೋಲ್ಡ್ ಮಾಡ್ತಿರು, ಅಷ್ಟೇ."

ನಾನು ಬೈದೆ, ಬೇಡಿಕೊಂಡೆ. ಅವಳು ಎಡಗೈಯನ್ನು ಹಗ್ಗದ ಮೇಲಿಟ್ಟುಕೊಂಡು ನಡೆದೇಬಿಟ್ಟಳು. ಇಪ್ಪತ್ತು ಹೆಜ್ಜೆಗೆ ಅವಳ ಸೀರೆಯ ಬಣ್ಣವೂ ಕಾಣಲಿಲ್ಲ.

ಅವಳು ಹೋದದ್ದೇ ತಡ, ಊರಿಗೆ ಏನಾಯಿತೋ ನಾನರಿಯೆ. ಅಲ್ಲಿಯವರೆಗೆ ಯಾರಿಗೂ ಇರದಿದ್ದ ಅನುಮಾನ ಎಲ್ಲರಿಗೂ ಒಟ್ಟಿಗೇ ಹತ್ತಿಕೊಂಡಿತು. ಕೇಳಲಿಕ್ಕೆ ಒಬ್ಬಳು ಹೋಗಿದ್ದಾಳೆ ಅಂದರೆ ಕೇಳುವಂಥದ್ದು ಏನೋ ಇದೆ ಅಂತಲೇ ಆಯಿತಲ್ಲ! ಒಬ್ಬೊಬ್ಬರಾಗಿ ಪಾಳಿ ತಪ್ಪಿಸಿದರು. ಒಬ್ಬಳಿಗೆ ಸೊಂಟ ನೋವು, ಒಬ್ಬನ ಎಮ್ಮೆ ಕರು ಹಾಕುವುದರಲ್ಲಿತ್ತು. ಇನ್ನೊಬ್ಬ ನೇರವಾಗಿಯೇ "ಉತ್ತರ ಬರ್ಲಿ, ಆಮೇಲೆ ನೋಡಾಣ" ಅಂದ. ಹತ್ತನೆಯ ದಿನದ ಹೊತ್ತಿಗೆ ತಪ್ಪದೆ ಬರುತ್ತಿದ್ದವರು ನಾನು ಮತ್ತು ಟೈಲರ್ ಬಾಷಾ ಇಬ್ಬರೇ. ಬಾಷಣ್ಣನಿಗೆ ನನ್ನದೇ ವಯಸ್ಸು, ಮಾತು ಕಮ್ಮಿ. ಯಾಕಣ್ಣ ನೀನು ಬಿಡಲಿಲ್ಲ ಅಂತ ಕೇಳಿದ್ದಕ್ಕೆ, "ನಿಮ್ ತಂಗಿ ಒಳಗವ್ಳೆ, ಹೆಂಗ್ ಬಿಡ್ಲಿ?" ಅಂದ. ಅವನೊಬ್ಬನಿಗಾದರೂ ತಲೆ ಸರಿಯಿತ್ತು.

ಹದಿಮೂರನೆಯ ದಿನ ಕಮಿಟಿಯ ಯಜಮಾನರಾದ ಕರಿಬಸಪ್ಪನವರು ಕಟ್ಟೆಯ ಮುಂದೆಯೇ ಸಭೆ ಕರೆದರು. ಹಗ್ಗ ನನ್ನ ಕೈಯಲ್ಲಿತ್ತು. ಅಶ್ವತ್ಥ ಮೇಷ್ಟ್ರಿಗೆ ಡಿಕ್ಷನರಿ ತರಲು ಹೇಳಿದ್ದರು. ಊರಿಗೆಲ್ಲ ಅದೊಂದೇ ಇಂಗ್ಲಿಷ್ ಪುಸ್ತಕ, ರಟ್ಟು ಕಿತ್ತುಹೋಗಿ ದಾರ ಸುತ್ತಿತ್ತು. ಅಷ್ಟು ಕಾಲ ಆ ಪುಟ ಯಾಕೆ ತೆಗೆದು ನೋಡಿರಲಿಲ್ಲ ಅಂದರೆ, ಗೊತ್ತಿರುವ ಮಾತಿನ ಅರ್ಥ ಯಾರು ಹುಡುಕುತ್ತಾರೆ?

ಮೇಷ್ಟ್ರು ಕನ್ನಡಕ ಏರಿಸಿ, "ಕೈಯಲ್ಲಿ ಹಿಡಿದುಕೊಳ್ಳುವುದು" ಅಂತ ಓದಿದರು. ಸಭೆ ಸಮಾಧಾನದಿಂದ ತಲೆಯಾಡಿಸಿತು. ಅಲ್ಲಿಗೇ ನಿಲ್ಲಿಸಿದ್ದರೆ ಏನು ಗಂಟು ಹೋಗುತ್ತಿತ್ತು? ಪುಣ್ಯಾತ್ಮರು ಮುಂದುವರಿಸಿದರು. ತಡೆಯುವುದು, ತಾಳುವುದು. ಉಸಿರು ಬಿಗಿಹಿಡಿಯುವುದು. ಪಾತ್ರೆಯೊಳಗೆ ಇಷ್ಟು ಹಿಡಿಸುತ್ತದೆ ಅನ್ನುವುದು. ಅಧಿಕಾರದಲ್ಲಿರುವುದು ಅಂದಾಗ ಕರಿಬಸಪ್ಪನವರು ಸೆಟೆದು ಕೂತರು. ಸಭೆ ನಡೆಸುವುದಕ್ಕೂ ಅದೇ ಮಾತು ಅಂದಾಗ ಹಿಂದಿನಿಂದ ಯಾರೋ, "ಹಂಗಾದ್ರೆ ಈಗ ನಾವು ಕುಂತಿರೋದೇ ಹೋಲ್ಡು! ಹಗ್ಗ ಯಾತಕ್ರೀ?" ಅಂತ ಕೂಗಿದರು.

"ಇನ್ನೂ ಅವೆ" ಅಂದರು ಮೇಷ್ಟ್ರು. ಅವರ ದನಿ ಸಣ್ಣಗಾಗಿತ್ತು. "ಸದ್ಯಕ್ಕೆ ನಿಲ್ಲಿಸಿಡುವುದು ಅಂತಾನೂ ಆಗುತ್ತಂತೆ."

"ಅಂದ್ರೆ ಸಾಹೇಬ ಬ್ಯಾಡ ಅಂದಿದ್ನಾ?"

"ಸ್ವಲ್ಪ ಇರು ಅಂದಿರ್ಬೋದು. ಯಾವ್ದೂ ಅಂತ ಹೇಳಕ್ಕಾಗಲ್ಲಪ್ಪ."

ಆಮೇಲೆ ಎದ್ದ ಗದ್ದಲ ಕೇಳಬೇಡಿ. ಸ್ವಲ್ಪ ಇರು ಅಂದಿದ್ದನ್ನು ನೂರು ವರ್ಷ ಹಿಡಿದುಕೊಂಡೆವಾ ಅಂತ ಒಬ್ಬ ನಕ್ಕ, ನಗುತ್ತಲೇ ಅತ್ತ. ಉಸಿರು ಬಿಗಿಹಿಡಿಯಬೇಕಿತ್ತೇನೋ ಅಂತ ಒಬ್ಬ ಮುದುಕ ಅಲ್ಲೇ ಬಾಯಿ ಮುಚ್ಚಿಕೊಂಡ, ಅವನ ಸೊಸೆ ಬೆನ್ನಿಗೆ ಗುದ್ದಿ ಉಸಿರು ಬಿಡಿಸಬೇಕಾಯಿತು. ಯಾವ ಅರ್ಥದ ಹೆಸರಲ್ಲಿ ನನ್ನ ತಂಗಿ ಅವ್ವನ ಮುಖ ನೋಡದೆ ಹೋದಳು? ಇಷ್ಟೊಂದು ಇದ್ದವಲ್ಲ, ಇನ್ಯಾವುದಾದರೂ ಒಂದನ್ನು ಹಿಡಿದಿದ್ದರೆ ಆಗುತ್ತಿರಲಿಲ್ಲವೇ?

ಕೊನೆಗೆ ಮೇಷ್ಟ್ರ ಬೆರಳು ಒಂದು ಸಾಲಿಗೆ ನಿಂತಿತು. "ಕಂಬವು ಚಾವಣಿಯನ್ನು ಹೋಲ್ಡ್ ಮಾಡುತ್ತದೆ, ಅಂತ ಉದಾಹರಣೆ ಕೊಟ್ಟವ್ರೆ."

ಕರಿಬಸಪ್ಪನವರು ಎದ್ದು ನಿಂತರು. "ಕಂಬ! ಕೇಳಿದ್ರೇನ್ರಪ್ಪಾ? ಕಂಬಾನೂ ಹೋಲ್ಡ್ ಮಾಡುತ್ತೆ! ಮನುಷ್ಯರೇ ಆಗ್ಬೇಕು ಅಂತ ಎಲ್ಲೈತೆ? ನಾಳೆ ಒಂದು ಕಲ್ಲುಕಂಬ ನೆಟ್ಟು ತುದಿ ಕಟ್ಟಿಬಿಡಾಣ. ಹೋಲ್ಡೂ ಆಯ್ತು, ನಮ್ ಕೈಯೂ ಖಾಲಿ ಆಯ್ತು."

ಚಪ್ಪಾಳೆ ಬಿತ್ತು. ಪಾಪ, ಅವರಿಗೂ ಸಾಕಾಗಿತ್ತು, ನಾನು ಅವರನ್ನು ಬೈಯುವುದಿಲ್ಲ. ಆದರೆ ಹಗ್ಗದ ಗುಣ ಹಗ್ಗದವರಿಗೆ ಗೊತ್ತು. ಇಬ್ಬನಿಗೆ ನೆನೆದಂತೆ ಅದು ಬಿಗಿಯುತ್ತದೆ, ಬಿಸಿಲಿಗೆ ಒಣಗಿ ಸಡಿಲಾಗುತ್ತದೆ. ಹಿಡಿದ ಕೈ ಅದಕ್ಕೆ ತಕ್ಕ ಹಾಗೆ ಅರ್ಧ ಗೇಣು ಬಿಡುತ್ತದೆ, ಅರ್ಧ ಗೇಣು ತೆಗೆದುಕೊಳ್ಳುತ್ತದೆ. ಕಲ್ಲಿಗೆ ಆ ದಾಕ್ಷಿಣ್ಯ ಎಲ್ಲಿಂದ ಬರಬೇಕು? ಒಂದೇ ರಾತ್ರಿಗೆ ಹಳೆಯ ಹೆಣಿಗೆ ಎಲ್ಲೋ ಒಂದು ಕಡೆ ಕಿತ್ತುಹೋಗುತ್ತಿತ್ತು. ಕಿತ್ತರೆ ಬೋರಿಯ ಕೈಯಲ್ಲಿ ಉಳಿಯುವುದು ಎಲ್ಲಿಗೂ ಸೇರದ ಒಂದು ತುಂಡು ಹಗ್ಗ.

"ಯಜಮಾನ್ರೇ, ಕಂಬಕ್ಕೆ ಕಟ್ಟಿದ್ರೆ ಕಿತ್ತೋಗುತ್ತೆ. ನನ್ ತಂಗಿ ಒಳಗವ್ಳೆ" ಅಂದೆ.

"ಸಿದ್ದಮ್ಮ, ಹದಿಮೂರು ದಿನ ಆಯ್ತು" ಅಂದರು ಅವರು. ಮೆತ್ತಗೇ ಅಂದರು. "ಬುತ್ತಿ ಎಷ್ಟು ದಿನಕ್ಕೆ ಕಟ್ಕೊಂಡಿದ್ಲವ್ವ?"

ಆರು ದಿನಕ್ಕೆ. ಅದು ನನಗೂ ಗೊತ್ತಿತ್ತು, ಹೇಳಲಿಲ್ಲ.

"ಕಂಬ ನೆಟ್ಕೊಳ್ಳಿ. ಹಗ್ಗ ನನ್ ಕೈಲೈತೆ, ನಾನಾಗಿ ಕೊಡೋಗಂಟ ಪಾಳಿ ನಂದು. ಕಿತ್ಕೊಳೋ ಹಂಗಿದ್ರೆ ಬಂದು ಕಿತ್ಕೊಳ್ಳಿ" ಅಂದೆ. ಯಾರೂ ಮುಂದೆ ಬರಲಿಲ್ಲ. ಅರ್ಥ ಗೊತ್ತಿಲ್ಲದಿದ್ದರೂ ಕಟ್ಟಳೆ ಗೊತ್ತಿತ್ತಲ್ಲ.

ಬಾಷಣ್ಣನಿಗೂ ನಾನು ಕೊಡಲಿಲ್ಲ. ಒಮ್ಮೆ ಕೈ ಬದಲಾಯಿತೆಂದರೆ ಅವನಿಗೆ ಏನೋ ಹೇಳಿ ಒಪ್ಪಿಸಿಬಿಟ್ಟಾರು ಅನ್ನುವ ಹೆದರಿಕೆ. ಅವನು ಅಂಗಡಿಯ ಚಿಂದಿಬಟ್ಟೆ ತಂದು ನನ್ನ ಅಂಗೈಗೆ ಸುತ್ತಿದ. ಗಂಜಿ ತಂದ, ಎಡಗೈಯಲ್ಲಿ ಕುಡಿದೆ. ಮಾರನೆಯ ದಿನ ಹತ್ತು ಜನ ಸೇರಿ ಕಂಬ ನೆಟ್ಟರು. ನೆಟ್ಟವರು ಅದರ ಸುತ್ತ ನಿಂತು ನನ್ನ ಕಡೆ ನೋಡುವುದು, ನಾನು ಮಬ್ಬಿನ ಕಡೆ ನೋಡುವುದು. ಮಧ್ಯಾಹ್ನಕ್ಕೆ ಬೆರಳುಗಳು ನನ್ನ ಮಾತು ಕೇಳುವುದನ್ನು ಬಿಟ್ಟವು. ಬಿಚ್ಚೆಂದರೂ ಬಿಚ್ಚುತ್ತಿರಲಿಲ್ಲ, ಬಿಗಿ ಅಂದರೂ ಬಿಗಿಯುತ್ತಿರಲಿಲ್ಲ. ಹೇಳಿಕೊಳ್ಳಲಿಕ್ಕೇನು ನಾಚಿಕೆ, ನನಗೂ ನಂಬಿಕೆ ಹೋಗಿತ್ತು. ಬೋರಿ ಸತ್ತಿದ್ದಾಳೆ, ನಾನು ಸುಮ್ಮನೆ ಹಟ ಹಿಡಿದಿದ್ದೇನೆ, ಇನ್ನೊಂದು ಗಳಿಗೆಗೆ ಬಾಷಣ್ಣನನ್ನು ಕರೆದು ಕಟ್ಟಿಕೊಳ್ಳಪ್ಪ ಅಂದುಬಿಡುತ್ತೇನೆ ಅಂದುಕೊಂಡೆ.

ಆಗ ಹಗ್ಗ ಜಗ್ಗಿತು.

ಒಂದೇ ಸಲ. ನಾನು ಕೂತಲ್ಲೇ ಮುಗ್ಗರಿಸಿದೆ. ಕಂಬದ ಸುತ್ತ ಇದ್ದವರೆಲ್ಲ ಕಂಡರು. ಇಷ್ಟು ತಲೆಮಾರಿನಲ್ಲಿ ಆ ಕಡೆಯಿಂದ ಎಂದೂ ಏನೂ ಬಂದಿರಲಿಲ್ಲ.

"ಏನದು? ಏನಂತೆ?" ಅಂತ ಜನ ಒಬ್ಬರ ಮೇಲೊಬ್ಬರು ಬಿದ್ದು ಓಡಿಬಂದರು. ಬಿಡಿ ಅಂತಿರಬೇಕು ಅಂದ ಒಬ್ಬ. ಗಟ್ಟಿ ಹಿಡಿ ಅಂತ ಅಂದ ಇನ್ನೊಬ್ಬ. ಸಾಹೇಬನೇ ಎದ್ದು ಬಂದನೇನೋ ಅಂದಳು ಒಬ್ಬಳು. ಮೇಷ್ಟ್ರು ದಾರ ಬಿಚ್ಚಿ ಪುಟ ತಿರುಗಿಸಿದರು, ನಾಲ್ಕು ಹಾಳೆ ಗಾಳಿಗೆ ಹಾರಿಹೋದವು. "ಜಗ್ಗೋದು ಇದ್ರಲ್ಲಿ ಬರಲ್ಲ" ಅಂದರು. ಕರಿಬಸಪ್ಪನವರು ಎರಡೂ ಕೈಯೆತ್ತಿ, "ಯಾರೂ ಏನೂ ಮಾಡ್ಬೇಡಿ! ಮೊದ್ಲು ಮೀಟಿಂಗ್ ಹೋಲ್ಡ್ ಮಾಡಾಣ!" ಅಂದರು.

ನನಗೆ ಅವರ ಮಾತು ದೂರದಿಂದ ಕೇಳುತ್ತಿತ್ತು. ಇದು ಸಾಹೇಬನ ಹಗ್ಗ, ಇದಕ್ಕೆ ಸಾಹೇಬನ ಮಾತು ಅಂತ ಇಷ್ಟು ವರ್ಷ ನಂಬಿದ್ದೆ. ನಮ್ಮ ಹಿತ್ತಿಲ ಹುರಿಯಂತೆಯೇ ಇದೂ ಒಂದು ಹುರಿ ಅಂತ ಒಂದು ದಿನವೂ ಹೊಳೆದಿರಲಿಲ್ಲ ನೋಡಿ. ಹುಣಸೆ ಮರದಾಚೆ ನಿಂತ ಆ ಗಿಡ್ಡ ಹುಡುಗಿ ಒಂದು ಜಗ್ಗುತ್ತಿದ್ದಳು, ಇದ್ದೀಯಾ ಅಂತ. ನಾನು ಎಡಗೈಯನ್ನೂ ಸೇರಿಸಿ, ಕಾಲನ್ನು ಕಟ್ಟೆಗೆ ಒತ್ತಿ ಎಳೆದೆ.

"ಎಳೆದ್ಬಿಟ್ಲು!" ಅಂತ ಯಾರೋ ಚೀರಿದರು. ಕರಿಬಸಪ್ಪನವರು ಕಂಬಕ್ಕೆ ಒರಗಿ ಕೂತುಬಿಟ್ಟರು.

ಎಣಿಸಿದರೆ ಇಪ್ಪತ್ತು ಉಸಿರು. ಆಮೇಲೆ ಹಗ್ಗ ಹಗುರಾಯಿತು. ಎಳೆದರೆ ಬಂತು, ಇನ್ನೂ ಎಳೆದರೆ ಇನ್ನೂ ಬಂತು. ಆ ಕಡೆ ಬಿಟ್ಟಿದ್ದರು. "ಸುತ್ಕೊಳ್ರೋ! ನಿಂತು ನೋಡ್ಬೇಡ್ರೋ, ಸುತ್ಕೊಳ್ರೋ!" ಅಂತ ನಾನು ಅರಚಿದೆ. ಬಾಷಣ್ಣ ಮೊದಲು ಕೈ ಹಾಕಿದ. ಆಮೇಲೆ ಸೊಂಟ ನೋವಿನವಳು ಬಂದಳು, ಎಮ್ಮೆಯವನು ಬಂದ, ಮೇಷ್ಟ್ರು ಡಿಕ್ಷನರಿಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದರು.

ಆರು ದಿನ ಸುತ್ತಿದೆವು. ಮೊದಲು ಕಟ್ಟೆ ತುಂಬಿತು, ಆಮೇಲೆ ಸಂತೆಮಾಳ. ಸ್ಕೂಲಿನ ಎರಡು ಕೋಣೆಗೆ ತುಂಬಿದ ಮೇಲೆ ಮಕ್ಕಳಿಗೆ ರಜ ಕೊಟ್ಟರು. ಇಷ್ಟುದ್ದ ನಾವು ಹಿಡಿದಿದ್ದೆವಾ ಅಂತ ಜನಕ್ಕೆ ದಿಗಿಲು. ಎಲ್ಲರೂ ಸುತ್ತುತ್ತಿದ್ದರೂ ತುದಿ ಮಾತ್ರ ನನ್ನ ಮುಷ್ಟಿಯಲ್ಲೇ ಇತ್ತು. ಆ ಕಡೆ ಬಿಟ್ಟ ಮೇಲೆ ಈ ಕಡೆ ಹಿಡಿಯಬೇಕಾ ಬೇಡವಾ ಅಂತ ಯಾರಿಗೂ ತಿಳಿಯಲಿಲ್ಲ, ತಿಳಿದಿದ್ದರೂ ಬೆರಳು ಬಿಚ್ಚಬೇಕಲ್ಲ. ಬರುವ ಹಗ್ಗ ಆ ಕೊನೆಗೆ ಯಾರೋ ಇರುವ ಹಾಗೆ ತುಸು ಭಾರವಾಗಿತ್ತು, ಅದೊಂದೇ ನನ್ನ ಜೀವ ಹಿಡಿದಿತ್ತು.

ಆರನೆಯ ದಿನ ಮಧ್ಯಾಹ್ನ ಮಬ್ಬಿನಲ್ಲಿ ಸೀರೆಯ ಬಣ್ಣ ಕಂಡಿತು. ಬೋರಿ ಹಗ್ಗದ ಆ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆದು ಬಂದಳು. ಮೂಳೆ ಚರ್ಮ ಆಗಿದ್ದಳು, ತುಟಿ ಒಡೆದಿತ್ತು. ಬಂದವಳು ಮೊದಲು ಕಲ್ಲುಕಂಬವನ್ನು ನೋಡಿದಳು, ಆಮೇಲೆ ನನ್ನನ್ನು.

"ಜಗ್ಗಿದಾಗ ಎದೆ ಒಡೆದೋಗಿತ್ತು ಅಕ್ಕ. ನೀನು ಎಳೆಯಲ್ಲ, ಕಟ್ಟಳೆ ಮೀರೋಳಲ್ಲ ಅಂತ. ಜವಾಬು ಬರದೆ ಅವ್ರು ಬಿಡಲ್ಲ ಅಂದಿದ್ರು" ಅಂದಳು. ಕಂಬಕ್ಕೆ ಕಟ್ಟಿದ್ದರೆ ಆ ಜವಾಬು ಯಾರು ಕೊಡುತ್ತಿದ್ದರು?

ಕರಿಬಸಪ್ಪನವರು ಜನರನ್ನು ಸರಿಸಿಕೊಂಡು ಬಂದರು. ಮೇಷ್ಟ್ರು ಹಿಂದೆಯೇ. "ಅವ್ರು ಅಂದ್ರೆ ಯಾರಮ್ಮ? ಸಾಹೇಬ ಇದ್ನಾ? ಹೋಲ್ಡ್ ಅಂದ್ರೆ ಏನಂತೆ?"

"ಯಾವ ಸಾಹೇಬನೂ ಇಲ್ಲ. ನಮ್ಮಂಥದ್ದೇ ಒಂದೂರು. ಪಾಳಿ ಮೇಲೆ ಹಿಡ್ಕೊಂಡವ್ರೆ. ಹತ್ತು ದಿನ ತಡವಿಕೊಂಡು ಹೋದೋಳಿಗೆ ಮೂರು ದಿನ ಉಣ್ಣಕ್ಕಿಕ್ಕಿ, ದಾರಿಗೆ ಬುತ್ತಿನೂ ಕಟ್ಟಿಕೊಟ್ರು."

"ಅವ್ರಿಗೆ ಏನು ಅರ್ಥ ಹೇಳಿದ್ನಂತೆ?"

"ಆ ಮಾತೇ ಅವ್ರಿಗೆ ಗೊತ್ತಿಲ್ಲ ಯಜಮಾನ್ರೇ. ಯಾಕೆ ಹಿಡ್ಕೊಂಡಿದ್ದೀರಾ ಅಂದೆ. ಆ ಕಡೆ ಯಾರೋ ಹಿಡ್ಕೊಂಡವ್ರಲ್ಲವ್ವ, ನಾವು ಬಿಟ್ರೆ ಅವ್ರು ಬಿದ್ದುಬಿಟ್ರೆ ಅಂದ್ರು."

ಮೇಷ್ಟ್ರು ಪುಸ್ತಕ ತೆರೆದರು, ಮತ್ತೆ ಮುಚ್ಚಿದರು. ಜನ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಬ್ಬೊಬ್ಬರಾಗಿ ಮನೆಗಳಿಗೆ ಹೋದರು.

ಬೋರಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಷಣ್ಣನ ಚಿಂದಿಬಟ್ಟೆ ಬಿಚ್ಚಿದಳು. "ಬಿಡಕ್ಕ, ಬಂದ್ನಲ್ಲ" ಅಂದಳು. ನಾನು ಬಿಟ್ಟೇ ಇದ್ದೆ, ಬೆರಳುಗಳು ಬಿಟ್ಟಿರಲಿಲ್ಲ. ಅವಳು ಒಂದೊಂದೇ ಬೆರಳನ್ನು ಹಿಡಿದು ಬಿಡಿಸಿದಳು. ನಾನು ನೋವಿಗೆ ಅತ್ತೆನೋ ಸುಮ್ಮನೆ ಅತ್ತೆನೋ ಗೊತ್ತಿಲ್ಲ. ಹಗ್ಗ ಜಾರಿ ಕೆಳಗೆ ಬಿದ್ದದ್ದೇ ಬೆರಳುಗಳು ತಾವಾಗಿ ಮತ್ತೆ ಮಡಿಚಿಕೊಳ್ಳಲಿಕ್ಕೆ ಬಂದವು. ಅಷ್ಟರೊಳಗೆ ಅವಳು ತನ್ನ ಕೈಯನ್ನು ಅಲ್ಲಿಟ್ಟಳು. ಬೆರಳುಗಳು ಅದರ ಮೇಲೆ ಮುಚ್ಚಿಕೊಂಡವು.

ಬೋರಿ ಆ ಮುಷ್ಟಿಯನ್ನೇ ತುಂಬ ಹೊತ್ತು ನೋಡಿದಳು. ಅವ್ವ ಹೋದಾಗ ಬಾರದ ಅಳು ಅವಳಿಗೆ ಆಗ ಬಂತು.

"ಅವ್ವ ಹಿಂಗೇ ಹಿಡ್ಕೊಂಡಿದ್ಲಾ ಅಕ್ಕ?" ಅಂತ ಕೇಳಿದಳು.

"ಹೂಂ ಕಣೇ" ಅಂದೆ. "ಹಿಂಗೇ."